ಅಪ್‌ಡೇಟ್: ಮಂಗಳೂರಿನಿಂದ ಜೋಧ್‌ಪುರಕ್ಕೆ ಬಂದು ಒಂದು ವರ್ಷ

ಜೋಧ್‌ಪುರಕ್ಕೆ ವರ್ಗ ಆಗಿದೆ, ಏಸಿ ಬೇಕಾ ಕೂಲರ್ ಸಾಕಾ ಅಂತ ಹೋದ ವರ್ಷ ಕೇಳಿದ್ದೆನಲ್ಲ. ಕೂಲರ್ ಸಾಕು ಅಂದವರು ಮುಕ್ಕಾಲು ಪಾಲು ಸರಿ. ನಮ್ಮೂರಲ್ಲಿ ಕೂಲರ್ ಹಾಕಿದರೆ ಸೆಕೆಗೆ ಇನ್ನಷ್ಟು ಅಂಟು. ಇಲ್ಲಿ ಮೇ ತಿಂಗಳ 44 ಡಿಗ್ರಿಯಲ್ಲೂ ಒಣಗಾಳಿ ನೀರು ಹೀರಿಕೊಂಡು ತಂಪಾಗುತ್ತದೆ. ಜುಲೈಯಲ್ಲಿ ಮಳೆ ಬಂದು ತೇವ ಏರಿದಾಗ ಮಾತ್ರ ಅದು ಬರೀ ಫ್ಯಾನು. ಆ ಎರಡು ತಿಂಗಳಿಗೆ ಬಾಡಿಗೆ ಏಸಿ ತಂದೆ.

ಯಾರೂ ಹೇಳದೇ ಇದ್ದದ್ದು ಬೆವರಿನ ವಿಷಯ. ಕಾಣುವುದೇ ಇಲ್ಲ, ಬಂದ ಹಾಗೇ ಆರಿಹೋಗುತ್ತದೆ. ಬೆವರಿಲ್ಲವಲ್ಲ ಅಂತ ನೀರು ಕುಡಿಯದೆ ಮೊದಲ ವಾರವೇ ತಲೆಸುತ್ತಿ ಕೂತೆ. ಅಮ್ಮ ಕೊಟ್ಟ ಹಲಸಿನ ಮಣೆ ಒಣಗಿ ಸೀಳು ಬಿಟ್ಟಿತು. ಹಪ್ಪಳ ಮಾತ್ರ ಒಂದೇ ಬಿಸಿಲಿಗೆ ರೆಡಿ! ಡಿಸೆಂಬರಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾದಾಗ ಮಗಳು ತುಪ್ಪ ಅಂದುಕೊಂಡು ರೊಟ್ಟಿಗೆ ಸವರಿದಳು.