ವಾಟರ್ ಪಾರ್ಕಿಗೆ ಹೊರಟ ಚಿಕ್ಕ ಮಕ್ಕಳಿಗೆ ಯಾವ ತಿಂಡಿ ಕಟ್ಟಿಕೊಳ್ಳಬೇಕು?

ಕಡಲತಡಿಯ ಅಮ್ಮ, ಕಾರವಾರ:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಿಡದಿಯ ವಂಡರ್‌ಲಾಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಮಗನಿಗೆ ಐದೂವರೆ ವರ್ಷ, ಮಗಳಿಗೆ ಎರಡೂವರೆ. ಸಂಜೆ ಕಾರವಾರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ನಾದಿನಿಯ ಮನೆಯಲ್ಲಿ ಸ್ನಾನ ಮುಗಿಸಿ, ಅಲ್ಲಿಂದ ಪಾರ್ಕಿಗೆ ಹೊರಡುವ ಯೋಜನೆ ನಮ್ಮದು. ಅಂದರೆ ಮನೆಯಲ್ಲಿ ಕಟ್ಟಿದ ಬುತ್ತಿ ಮಕ್ಕಳ ಬಾಯಿಗೆ ಬೀಳುವ ಹೊತ್ತಿಗೆ ಹದಿನೆಂಟು ಗಂಟೆಗಳಾದರೂ ಕಳೆದಿರುತ್ತವೆ.

ಕಳೆದ ಮೇ ತಿಂಗಳಿನಲ್ಲಿ ಆದ ಪಾಡನ್ನು ಇನ್ನೂ ಮರೆತಿಲ್ಲವಾದ್ದರಿಂದ ಈ ಸಲ ಮೊದಲೇ ಕೇಳುತ್ತಿದ್ದೇನೆ. ಬೇರೊಂದು ಊರಿನ ವಾಟರ್ ಪಾರ್ಕಿಗೆ ಕಾರಿನಲ್ಲಿ ಹೊರಟಾಗ ಇಡ್ಲಿ, ಕಾಯಿಚಟ್ನಿ, ಚಕ್ಕುಲಿ, ಶೇಂಗಾ ಚಿಕ್ಕಿ, ಬಾಳೆಹಣ್ಣು ಎಂದು ದೊಡ್ಡ ಕೈಚೀಲವನ್ನೇ ತುಂಬಿಕೊಂಡು ಹೋಗಿದ್ದೆ. ಗೇಟಿನಲ್ಲಿ ಚೀಲ ನೋಡಿದವರು ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ ಎಂದರು. ಚೀಲ ಕಾರಿನ ಡಿಕ್ಕಿ ಸೇರಿತು. ಮಧ್ಯಾಹ್ನ ಮಗಳು ಹಸಿವಿನಿಂದ ರಚ್ಚೆ ಹಿಡಿದಾಗ ಹೊರಗೆ ಬಂದು ಡಬ್ಬಿ ತೆರೆದರೆ ಚಟ್ನಿ ಹುಳಿಯೇರಿ ಸಣ್ಣ ಗುಳ್ಳೆ ಬಿಟ್ಟಿತ್ತು. ಬಾಳೆಹಣ್ಣು ಚಕ್ಕುಲಿಯ ಪೊಟ್ಟಣದ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಕೊನೆಗೆ ಆ ದಿನ ಇಬ್ಬರೂ ತಿಂದದ್ದು ಅಂಗಡಿಯ ಚಿಪ್ಸ್ ಮಾತ್ರ.

ಆದ್ದರಿಂದ ಕೆಡದೆ ಉಳಿಯುವುದು ಯಾವುದು, ಎರಡೂವರೆ ವರ್ಷದವಳಿಗೆ ನಿಶ್ಚಿಂತೆಯಿಂದ ಕೊಡಬಹುದಾದದ್ದು ಯಾವುದು, ಗೇಟಿನಲ್ಲಿ ತಡೆದರೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಘಟ್ಟದ ಮೇಲಿನ ಅಜ್ಜಿ, ಶಿರಸಿ:

ತಂಗಿ, ನಿಮ್ಮ ಚಟ್ನಿ ಹಳಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಜಿಲ್ಲೆಯ ಅಡುಗೆಯಲ್ಲಿ ಹಸಿ ಕಾಯಿತುರಿ ಬೀಳದ ಪದಾರ್ಥವನ್ನು ಹುಡುಕಿ ತೆಗೆಯಬೇಕಷ್ಟೆ, ಪ್ರಯಾಣದ ಬುತ್ತಿಗೆ ಮೊದಲ ಶತ್ರುವೂ ಅದೇ. ಹಸಿ ಕಾಯಿಯಲ್ಲಿ ನೀರಿನಂಶ ಹೆಚ್ಚು. ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅದು ಅರ್ಧ ದಿನವನ್ನೂ ತಾಳುವುದಿಲ್ಲ. ಕಾಯಿ ಬೇಕೇ ಬೇಕೆನ್ನುವ ಮಕ್ಕಳಿಗೆ ಒಣಕೊಬ್ಬರಿಯನ್ನು ಸಣ್ಣಗೆ ತುರಿದು, ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಅದನ್ನೇ ಉಂಡೆಗೆ ಹಾಕಿ.

ನಾನು ಕಟ್ಟಿಕೊಡುವುದು ಮುಖ್ಯವಾಗಿ ಎರಡು. ಒಂದು ಹೆಸರುಹಿಟ್ಟಿನ ಉಂಡೆ. ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ನುಣ್ಣಗೆ ಬೀಸಿ, ಪುಡಿಬೆಲ್ಲ ಮತ್ತು ಬಿಸಿ ತುಪ್ಪದಲ್ಲಿ ಕಲಸಿ ಕಟ್ಟಿದರೆ ನೀರಿನ ಪಸೆಯೇ ಇಲ್ಲದ್ದರಿಂದ ವಾರವಾದರೂ ಕೆಡುವುದಿಲ್ಲ. ಆದರೆ ಉಂಡೆಯನ್ನು ದೊಡ್ಡವರ ಅಳತೆಗೆ ಕಟ್ಟಬೇಡಿ, ಅಡಿಕೆಯ ಗಾತ್ರ ಸಾಕು. ದೊಡ್ಡ ಉಂಡೆಯನ್ನು ಮಗು ಅರ್ಧ ಕಚ್ಚಿ ಉಳಿದದ್ದನ್ನು ನಿಮ್ಮ ಕೈಗೇ ಕೊಡುತ್ತದೆ. ನಿಮ್ಮ ಚಿಕ್ಕವಳಿಗಂತೂ ಆ ಪುಟ್ಟ ಉಂಡೆಯನ್ನೂ ಬೆರಳಲ್ಲಿ ಒಡೆದು, ಚೂರು ಚೂರಾಗಿ ನೀರಿನ ಜೊತೆಗೆ ಕೊಡಿ.

ಇನ್ನೊಂದು ಸುಕೇಳಿ. ಯಲ್ಲಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಗಿದ ಬಾಳೆಹಣ್ಣನ್ನು ಸಿಪ್ಪೆ ಸುಲಿದು ಒಣಗಿಸಿದರೆ ಕಂದುಬಣ್ಣಕ್ಕೆ ತಿರುಗಿ, ಬೆರಳಿನಷ್ಟು ದಪ್ಪಕ್ಕೆ ಸುರುಟಿಕೊಂಡು, ಸಕ್ಕರೆ ಬೆರೆಸದಿದ್ದರೂ ಜೇನಿನಂತಹ ಸಿಹಿ ಬರುತ್ತದೆ. ಚೀಲದಲ್ಲಿ ಅಪ್ಪಚ್ಚಿಯಾಗುವ ಭಯವಿಲ್ಲ. ಅಂಟಾಗಿರುವುದರಿಂದ ಇಡಿಯಾಗಿ ಮಗುವಿನ ಕೈಗೆ ಕೊಡದೆ, ಕತ್ತರಿಗೆ ತುಪ್ಪ ಸವರಿ ಕಡಲೆಬೇಳೆಯಷ್ಟು ಸಣ್ಣದಾಗಿ ಕತ್ತರಿಸಿ ಡಬ್ಬಿಗೆ ಹಾಕಿಕೊಳ್ಳಿ.

ಕಾಗದದಷ್ಟು ತೆಳುವಾದ ನಮ್ಮ ಸಿಹಿತಿಂಡಿ ತೊಡೆದೇವನ್ನು ಮಾತ್ರ ಒಯ್ಯಬೇಡಿ. ಮೊಮ್ಮಕ್ಕಳು ಒಮ್ಮೆ ಹಠ ಹಿಡಿದರೆಂದು ಹತ್ತು ತೊಡೆದೇವುಗಳನ್ನು ಕಾಗದದ ಮಧ್ಯೆ ಜೋಡಿಸಿ ಕಳಿಸಿದ್ದೆ. ಹುಬ್ಬಳ್ಳಿ ತಲುಪುವ ಮೊದಲೇ ಎಲ್ಲವೂ ಪುಡಿಯಾಗಿ, ಮಕ್ಕಳು ಅದನ್ನು ಚಮಚದಲ್ಲಿ ತಿಂದರಂತೆ.

ಎರಡು ಮಕ್ಕಳ ತಾಯಿ, ಕುಮಟಾ:

ಅಜ್ಜಿಯವರು ಹೇಳಿದ ಎರಡಕ್ಕೂ ನನ್ನ ಒಪ್ಪಿಗೆಯಿದೆ. ಆದರೆ ಅಕ್ಕ, ನಿಮ್ಮ ಹಳೆಯ ಚೀಲದಲ್ಲಿದ್ದ ಶೇಂಗಾ ಚಿಕ್ಕಿಯ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗೇರುಬೀಜ, ಹುರಿಗಡಲೆ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮಿಂಟ್, ಇಡೀ ದ್ರಾಕ್ಷಿ ಇವು ಯಾವುದನ್ನೂ ಕೊಡಬಾರದು. ಆ ವಯಸ್ಸಿನಲ್ಲಿ ಅರೆಯುವ ದವಡೆಹಲ್ಲುಗಳು ಪೂರ್ತಿ ಬಂದಿರುವುದಿಲ್ಲ, ಶ್ವಾಸನಾಳವೂ ಕಿರಿದು. ಗಟ್ಟಿಯಾದ, ದುಂಡಗಿನ ಚೂರು ಅಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಮನೆಯಲ್ಲಿ ಕೂರಿಸಿ ತಿನ್ನಿಸುವಾಗಲೇ ಎಚ್ಚರ ಬೇಕು. ಪಾರ್ಕಿನಲ್ಲಂತೂ ಮಗು ಓಡುತ್ತಾ, ಕಿರುಚುತ್ತಾ, ನಗುತ್ತಾ ಬಾಯಲ್ಲಿ ತಿಂಡಿ ಇಟ್ಟುಕೊಂಡಿರುತ್ತದೆ. ದ್ರಾಕ್ಷಿಯನ್ನು ಒಯ್ಯಲೇಬೇಕಾದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಏನೇ ಕೊಟ್ಟರೂ ಕೂರಿಸಿಯೇ ಕೊಡಿ, ಆಟಕ್ಕೆ ಹತ್ತಿಸುವ ಮೊದಲು ಬಾಯಿ ಖಾಲಿಯಾಗಿದೆಯೇ ಎಂದು ನೋಡಿ.

ಇನ್ನು ಹದಿನೆಂಟು ಗಂಟೆಯ ಲೆಕ್ಕ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಈ ದೃಷ್ಟಿಯಿಂದ ನೋಡಿದರೆ ಕಾರವಾರದಲ್ಲಿ ಬೇಯಿಸಿದ ಇಡ್ಲಿಯನ್ನು ಬಿಡದಿಯಲ್ಲಿ ತಿನ್ನಿಸುವ ಯೋಚನೆಯನ್ನೇ ಬಿಡಬೇಕು. ನಿಮಗೆ ದಾರಿಯ ನಡುವೆ ನಾದಿನಿಯ ಅಡುಗೆಮನೆ ಇದೆಯಲ್ಲ, ಅದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? ಕಾರವಾರದಿಂದ ಒಣಪದಾರ್ಥಗಳನ್ನು ಮಾತ್ರ ತನ್ನಿ. ರೈಲಿನ ರಾತ್ರಿಯೂಟಕ್ಕೆ ಚಪಾತಿಗೆ ತುಪ್ಪ, ಬೆಲ್ಲ ಸವರಿ ಸುರುಳಿ ಸುತ್ತಿಕೊಂಡು, ಹತ್ತಿದ ಸ್ವಲ್ಪ ಹೊತ್ತಿಗೇ ತಿನ್ನಿಸಿಬಿಡಿ. ಮೆತ್ತಗಿನ, ಹಸಿಯಾದ ಎಲ್ಲವನ್ನೂ ಬೆಳಿಗ್ಗೆ ಬೆಂಗಳೂರಿನಲ್ಲೇ ಮಾಡಿ. ಇಡ್ಲಿಯೇ ಆಗಬೇಕೆಂದರೆ ಅಲ್ಲಿ ಬೇಯಿಸಿ, ಚಟ್ನಿಯ ಬದಲು ತುಪ್ಪ ಮತ್ತು ಚಟ್ನಿಪುಡಿ ಹಚ್ಚಿ, ಕಾರಿನಲ್ಲೇ ತಿನ್ನಿಸಿ. ಬೆಂಗಳೂರಿನಿಂದ ಪಾರ್ಕಿಗೆ ಸುಮಾರು 28 ಕಿಲೋಮೀಟರ್. ಮೈಸೂರು ರಸ್ತೆಯ ವಾಹನ ದಟ್ಟಣೆಯಲ್ಲಿ ಮಕ್ಕಳು ನಿಧಾನವಾಗಿ ತಿಂದು ಮುಗಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಹೊಟ್ಟೆ ತುಂಬಿಸಿಕೊಂಡು ಗೇಟು ದಾಟಿದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ಡಬ್ಬಿಯ ವಿಷಯದಲ್ಲಿ ನಾನು ಮೋಸಹೋಗಿದ್ದೇನೆ. ಒಗ್ಗರಣೆ ಹಾಕಿದ ತೆಳು ಅವಲಕ್ಕಿಯನ್ನು ಇನ್ನೂ ಬೆಚ್ಚಗಿರುವಾಗಲೇ ತುಂಬಿ ಮುಚ್ಚಳ ಬಿಗಿದಿದ್ದೆ. ತೆರೆದಾಗ ಮುಚ್ಚಳದ ಒಳಮೈ ಬೆವತು, ಹನಿ ತೊಟ್ಟಿಕ್ಕಿ, ಅವಲಕ್ಕಿ ನೆನೆಸಿಟ್ಟಂತಾಗಿತ್ತು. ನಮ್ಮ ಕರಾವಳಿಯ ಗಾಳಿಯಲ್ಲೇ ತೇವವಿರುವುದರಿಂದ ತಟ್ಟೆಯಲ್ಲಿ ಹರವಿ, ಪೂರ್ತಿ ಆರಿಸಿ, ಆರಿದ ಕೂಡಲೇ ತುಂಬಬೇಕು; ರಾತ್ರಿಯಿಡೀ ತೆರೆದಿಟ್ಟರೂ ಮೆತ್ತಗಾಗುತ್ತದೆ. ಒಂದೇ ದೊಡ್ಡ ಡಬ್ಬಿಯ ಬದಲು ಅಂಗೈಯಗಲದ ನಾಲ್ಕೈದು ಸ್ಟೀಲ್ ಡಬ್ಬಿಗಳಿದ್ದರೆ, ಒಂದನ್ನು ತೆರೆದಾಗ ಉಳಿದವುಗಳ ಗರಿಗರಿ ಹಾಗೆಯೇ ಉಳಿಯುತ್ತದೆ.

ಹೊನ್ನಾವರದ ಅಪ್ಪ:

ಎಲ್ಲರೂ ಏನನ್ನು ಕಟ್ಟಬೇಕೆಂದು ಹೇಳುತ್ತಿದ್ದೀರಿ. ಅಷ್ಟೊಂದು ಕಟ್ಟುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ನೀರಿನಲ್ಲಿ ಆಡಿ ಹೊರಬಂದ ಮಗುವಿಗೆ ಚಳಿ ಹತ್ತಿರುತ್ತದೆ, ಬೆರಳ ತುದಿಗಳು ಸುಕ್ಕುಗಟ್ಟಿರುತ್ತವೆ. ಅದರ ಮುಂದೆ ತಣ್ಣಗಿನ ಉಂಡೆ ಹಿಡಿದರೆ ಮುಖ ತಿರುಗಿಸುತ್ತದೆ. ಆ ಹೊತ್ತಿಗೆ ಬೇಕಾದದ್ದು ಬಿಸಿ ಅನ್ನ, ಸಾರು. ಪಾರ್ಕಿನ ಹೋಟೆಲಿನಲ್ಲಿ ದುಡ್ಡು ಸ್ವಲ್ಪ ಹೆಚ್ಚಾದರೂ ಮಧ್ಯಾಹ್ನದ ಊಟವನ್ನು ಅಲ್ಲಿಯೇ ಮಾಡಿಸಿ, ಜನರ ಸಾಲು ಬೆಳೆಯುವ ಮುನ್ನ ಹನ್ನೆರಡು ಗಂಟೆಗೇ ಕುಳಿತುಬಿಡಿ. ಕೈಚೀಲದ ತಿಂಡಿ ಊಟವಾಗಬೇಕಾಗಿಲ್ಲ, ಊಟದ ಹೊತ್ತಿನವರೆಗೆ ತಡೆದು ನಿಲ್ಲಿಸಿದರೆ ಸಾಕು.

ಗೇಟಿನ ವಿಷಯ ಹೇಳುವುದಾದರೆ, ಬಹಳಷ್ಟು ಪಾರ್ಕುಗಳು ಹೊರಗಿನ ಆಹಾರವನ್ನು ತಡೆಯುತ್ತವೆ, ಆದರೆ ಹಸುಗೂಸಿನ ಆಹಾರಕ್ಕೆ ಮತ್ತು ಔಷಧಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಎರಡೂವರೆ ವರ್ಷದವಳು ಆ ವಿನಾಯಿತಿಯಲ್ಲಿ ಸೇರುತ್ತಾಳೆಯೇ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಗೇಟಿನಲ್ಲಿ ನಿಂತ ಹುಡುಗನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಅವನಿಗೂ ಮೇಲಿನವರ ಆಜ್ಞೆ. ಮಗಳ ಒಂದು ಡಬ್ಬಿಯನ್ನು ಬೇರೆಯಾಗಿಯೇ ಇಟ್ಟುಕೊಂಡು ಕೇಳದೆಯೂ ತೆರೆದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಉಳಿದ ಡಬ್ಬಿಗಳು ಕಾರಿನಲ್ಲೇ ಇರಲಿ; ಸಂಜೆ ಮರಳುವಾಗ ಹಸಿವು ಬೆಳಿಗ್ಗೆಗಿಂತ ಜೋರಾಗಿರುತ್ತದೆ, ಮಗುವಿಗೆ ನಿದ್ದೆ ಬರುವ ಮೊದಲು ಒಂದು ಉಂಡೆಯಾದರೂ ಹೊಟ್ಟೆಗೆ ಹೋಗಬೇಕು.

ಇನ್ನೊಂದು ಮಾತು. ದೊಡ್ಡ ಆಟಗಳಿಗೆ ಎತ್ತರದ ಮಿತಿ ಇರುವುದರಿಂದ ಅಣ್ಣ ಏರುವ ಕೆಲವು ಆಟಗಳಿಗೆ ತಂಗಿಯನ್ನು ಬಿಡುವುದಿಲ್ಲ. ಆಗ ಕೆಳಗೆ ನಿಂತು ಅಳುವ ಅವಳಿಗಾಗಿಯೇ ಒಂದು ಡಬ್ಬಿ ಇರಲಿ. ನನ್ನ ಮಗಳಿಗೆ ಆ ಹೊತ್ತಿನಲ್ಲಿ ಹೊಟ್ಟೆಹಸಿವಿಗಿಂತ ಕೈಗೆ ಕೆಲಸ ಬೇಕಾಗಿತ್ತು. ಮಂಡಕ್ಕಿಯನ್ನು ಒಂದೊಂದೇ ಹೆಕ್ಕಿ ತಿನ್ನುತ್ತಾ ಕಾಲು ಗಂಟೆ ಕಳೆದಳು.

ಕಡಲತಡಿಯ ಅಮ್ಮ, ಕಾರವಾರ:

ಎಲ್ಲರಿಗೂ ಧನ್ಯವಾದಗಳು. ಒಣಪದಾರ್ಥ ಇಲ್ಲಿಂದ, ಹಸಿಯಾದದ್ದು ನಾದಿನಿಯ ಮನೆಯಿಂದ ಎಂದು ನಿರ್ಧರಿಸಿದ್ದೇನೆ. ಅವಳಿಗೂ ಫೋನ್ ಮಾಡಿ ಇಡ್ಲಿ ಹಿಟ್ಟಿಗೆ ಹೇಳಿದ್ದಾಯಿತು. ಕುಡಿಯುವುದಕ್ಕೆ ಏನು ಕೊಡಲಿ? ಇಬ್ಬರೂ ಆಟದಲ್ಲಿ ನೀರು ಕೇಳುವುದೇ ಇಲ್ಲ. ಓಆರ್‌ಎಸ್ ಪುಡಿಯನ್ನು ಬಾಟಲಿಗೆ ಸ್ವಲ್ಪ ಸ್ವಲ್ಪ ಹಾಕಿ ಕೊಡುತ್ತಿದ್ದರೆ ಆಗುತ್ತದೆಯೇ? ಮುರುಗಲು (ಕೋಕಂ) ಪಾನಕವನ್ನು ಮನೆಯ ತಾಮ್ರದ ಬಾಟಲಿಯಲ್ಲಿ ಒಯ್ಯಬಹುದೇ?

ಎರಡು ಮಕ್ಕಳ ತಾಯಿ, ಕುಮಟಾ:

ಓಆರ್‌ಎಸ್ ಅನ್ನು ಸ್ವಲ್ಪ ಸ್ವಲ್ಪ ಹಾಕಬೇಡಿ, ಅಕ್ಕ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಕರಗಿಸಬೇಕು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆ, ನೀರು ಹೆಚ್ಚಾದರೆ ಪ್ರಯೋಜನವಿಲ್ಲ. ಕರಗಿಸಿದ್ದು 24 ಗಂಟೆ ಕಳೆದ ಮೇಲೆ ಉಳಿದಿದ್ದರೆ ಚೆಲ್ಲಿಬಿಡಿ. ಹಾಗೆ ನೋಡಿದರೆ ಅದು ವಾಂತಿ, ಭೇದಿಯಾದಾಗಿನ ಔಷಧ. ಗಟ್ಟಿಮುಟ್ಟಾಗಿ ಆಡುತ್ತಿರುವ ಮಗುವಿಗೆ ಸಾದಾ ನೀರು ಸಾಕು. ಕೇಳುವವರೆಗೆ ಕಾಯದೆ, ಪ್ರತಿ ಆಟ ಮುಗಿದಾಗಲೂ ನಾಲ್ಕು ಗುಟುಕು ಕುಡಿಸಿ. ಪೊಟ್ಟಣ ಮಾತ್ರ ಚೀಲದಲ್ಲಿರಲಿ.

ಘಟ್ಟದ ಮೇಲಿನ ಅಜ್ಜಿ, ಶಿರಸಿ:

ಮುರುಗಲು ಹುಳಿ ಪದಾರ್ಥ, ಅದನ್ನು ತಾಮ್ರಕ್ಕಾಗಲಿ ಹಿತ್ತಾಳೆಗಾಗಲಿ ಹಾಕಲೇಬಾರದು, ಲೋಹ ಬಿಟ್ಟುಕೊಂಡು ಹೊಟ್ಟೆ ತೊಳಸುತ್ತದೆ. ಸ್ಟೀಲಿನ ಬಾಟಲಿಯೇ ಇರಲಿ. ಒಣಸಿಪ್ಪೆಯನ್ನು ಪುಟ್ಟ ಪೊಟ್ಟಣದಲ್ಲಿ ಒಯ್ದು, ಬೆಂಗಳೂರಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೆನೆಹಾಕಿ, ಹೊರಡುವಾಗ ಹಿಂಡಿ ಸೋಸಿ ಬೆಲ್ಲ ಸೇರಿಸಿದರೆ ತಾಜಾ ಪಾನಕವಾಗುತ್ತದೆ. ಬಿಳಿ ಅಂಗಿ ಮಾತ್ರ ಹಾಕಿಸಬೇಡಿ, ಆ ಕೆಂಪು ಕಲೆ ಸುಲಭಕ್ಕೆ ಹೋಗುವುದಲ್ಲ.

ಹೊರಡುವ ಎರಡು ದಿನ ಮೊದಲು ಮಗನ ಕೈಯನ್ನು ಒದ್ದೆ ಮಾಡಿಸಿ, ಡಬ್ಬಿಯ ಮುಚ್ಚಳವನ್ನು ಅವನಿಂದಲೇ ತೆಗೆಸಿ ನೋಡಿ. ನನ್ನ ಮೊಮ್ಮಗನಿಗೆ ತಿರುಗಿಸುವ ಮುಚ್ಚಳ ಒದ್ದೆ ಕೈಯಲ್ಲಿ ಜಾರುತ್ತಿತ್ತು. ಪಕ್ಕದಲ್ಲಿ ಚಿಲಕವಿರುವ ಡಬ್ಬಿ ಕೊಟ್ಟ ಮೇಲೆ ಸರಿಯಾಯಿತು.