ವಾಂಡಾವಿಷನ್ ಕೊನೆಯ ಕಂತು: ನಮ್ಮ ಮನೆ ಗುಂಪಿನ ಶನಿವಾರದ ಜಗಳ

ಗುಂಪು: ಅಜ್ಜಿ ಮನೆ
6 ಮಾರ್ಚ್ 2021, ಶನಿವಾರ

ಶರತ್, ರಾತ್ರಿ 8:40
(ಫಾರ್ವರ್ಡ್ ಆದ ವಿಡಿಯೋ: ಮಾರ್ವೆಲ್‌ನ ಸೂಪರ್‌ಹೀರೋ ಸರಣಿ ವಾಂಡಾವಿಷನ್‌ನ ಒಂಬತ್ತನೆಯ, ಕೊನೆಯ ಕಂತಿನಲ್ಲಿ ವಾಂಡಾ ತನ್ನ ಗಂಡ ವಿಷನ್‌ನನ್ನು ಬೀಳ್ಕೊಡುವ ದೃಶ್ಯ. ವಿಷನ್ ಸತ್ತ ದುಃಖದಲ್ಲಿ ವಾಂಡಾ ಮಾಯೆಯಿಂದ ವೆಸ್ಟ್‌ವ್ಯೂ ಅನ್ನುವ ಊರನ್ನೇ ಟಿವಿ ಕಾರ್ಯಕ್ರಮದ ಹಾಗೆ ಮಾಡಿ, ಅಲ್ಲಿನ ಜನರನ್ನು ಕಟ್ಟಿಹಾಕಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಸೃಷ್ಟಿಸಿಕೊಂಡ ಕಥೆ ಇದು; ಮಾಯೆ ಹೋದರೆ ಅವರೂ ಇಲ್ಲ. ಮೇಲೆ "10ಕ್ಕೆ 10" ಎಂದು ಬರೆದಿದೆ.)
ಎಲ್ಲರೂ ನೋಡಿ ಮುಗಿಸಿದಿರಾ? ನಾನು ನಿನ್ನೆ ಮಧ್ಯಾಹ್ನ ಒಂದೂವರೆಗೆ ಹಾಟ್‌ಸ್ಟಾರ್‌ನಲ್ಲಿ ಬಂದ ಕೂಡಲೇ ನೋಡಿದೆ. ಈ ಅಂಕಕ್ಕೆ ನನ್ನದೂ ಒಪ್ಪಿಗೆ.

ವೀಣಾ
ಈ ತುಣುಕಿಗೆ ಹತ್ತು ಕೊಡು, ಬೇಡ ಅನ್ನುವುದಿಲ್ಲ. ಇಡೀ ಕಂತಿಗೆ ಕೊಡಬೇಡ. ಒಂಬತ್ತರಲ್ಲಿ ಸಪ್ಪೆಯಾಗಿದ್ದು ಇದೊಂದೇ.

ಶರತ್
ಅಕ್ಕಾ! ಸಪ್ಪೆನಾ? ನಾನು ಎರಡು ಸಲ ಅತ್ತಿದ್ದೇನೆ.

ವೀಣಾ
ನಾನೂ ಅತ್ತೆ. ಅತ್ತ ಮೇಲೆ ಕೋಪ ಬಂತು.

ಮೇಘನಾ
ನಾನು ವೀಣಾ ಅತ್ತಿಗೆ ಕಡೆ. ವಾಂಡಾಳ ಸತ್ತ ಅವಳಿ ಸಹೋದರ ಪಿಯೆಟ್ರೋ ವಿಷಯದಲ್ಲಿ ನಮಗೆ ಮೋಸ ಮಾಡಿದರು. ಐದನೇ ಕಂತಿನ ಕೊನೆಯಲ್ಲಿ ಬಾಗಿಲು ತೆಗೆದರೆ ಇವಾನ್ ಪೀಟರ್ಸ್ ನಿಂತಿದ್ದ. ಎಕ್ಸ್-ಮೆನ್ ಸಿನಿಮಾಗಳಲ್ಲಿ ಇದೇ ಓಟಗಾರನ ಪಾತ್ರ ಮಾಡಿದವನು. ಆ ರಾತ್ರಿ ಹಾಸ್ಟೆಲಿನಲ್ಲಿ ಯಾರೂ ಮಲಗಲಿಲ್ಲ. ಆ ಸಿನಿಮಾಗಳ ಲೋಕ, ಈ ಸರಣಿಯ ಲೋಕ ಎರಡೂ ಸೇರುತ್ತವೆ ಅಂತಲೇ ನಂಬಿದ್ದೆವು. ಕೊನೆಗೆ ನೋಡಿದರೆ ಅವನು ಆ ಊರಿನಲ್ಲೇ ಇದ್ದ ರಾಲ್ಫ್ ಬೋನರ್ ಅನ್ನುವ ಒಬ್ಬ ನಟ, ಅಷ್ಟೇ!

ವೀಣಾ
ಮೇಘು, ಇದನ್ನು ನಾನು ಒಪ್ಪಲ್ಲ ಕಣೇ. ನಾವು ಊಹಿಸಿದ್ದು ಆಗಲಿಲ್ಲ ಅಂದರೆ ಕಥೆ ಕೆಟ್ಟಿತು ಅಂತಲ್ಲ.

ಮೇಘನಾ
ನಾವು ಸುಮ್ನೆ ಊಹಿಸಿದ್ದಲ್ಲ ಅತ್ತಿಗೆ. ಬೇರೆ ಯಾರನ್ನಾದರೂ ಹಾಕಬಹುದಿತ್ತು. ಅದೇ ಪಾತ್ರ ಮಾಡಿದವನನ್ನೇ ಕರೆದು ತಂದರು. ಆಸೆ ಹುಟ್ಟಿಸಿದವರು ಅವರೇ.

ವೀಣಾ
ಅದು ಹೌದು.

ಶರತ್
ಮಾಡಿದವರ ಕಷ್ಟವನ್ನೂ ನೋಡಿ. ಕಳೆದ ವರ್ಷ ಮಾರ್ಚ್‌ನಲ್ಲಿ ಕೊರೊನಾದಿಂದ ಚಿತ್ರೀಕರಣ ನಿಂತುಹೋಯಿತು. ಮತ್ತೆ ಶುರುವಾಗಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರ ನಡುವೆ ಮುಗಿಸಿದ್ದೇ ದೊಡ್ಡದು.

ಸರೋಜತ್ತೆ
ನನಗೆ ಮೊದಲ ಎರಡು ಕಂತು ತುಂಬಾ ಇಷ್ಟ. ಕಪ್ಪು ಬಿಳುಪು. ಹಳೆಯ ಕಾಲದ ಮನೆ, ಜನ ನಗುವ ಸದ್ದು. ಕೊನೆಯದರಲ್ಲಿ ಇಬ್ಬರು ಹೆಂಗಸರು ಆಕಾಶದಲ್ಲಿ ಬೆಂಕಿ ಎಸೆದುಕೊಳ್ಳುತ್ತಲೇ ಇದ್ದರು. ನಾನು ಹೋಗಿ ಅನ್ನಕ್ಕೆ ಇಟ್ಟು ಬಂದೆ. ಇನ್ನೂ ಎಸೆಯುತ್ತಿದ್ದರು.

ವೀಣಾ
ಅತ್ತೆ, ನಾನು ಹೇಳಬೇಕು ಅಂತಿದ್ದಿದ್ದೂ ಅದನ್ನೇ. ಮೊದಲನೇ ಕಂತನ್ನು ನಿಜವಾಗಿಯೂ ಜನರನ್ನು ಎದುರು ಕೂರಿಸಿಕೊಂಡು ಚಿತ್ರೀಕರಿಸಿದ್ದರು, ಐವತ್ತರ ದಶಕದ ಟಿವಿ ಕಾರ್ಯಕ್ರಮಗಳ ಹಾಗೆ. ಅಷ್ಟು ಶ್ರದ್ಧೆ. ಪ್ರತಿ ಕಂತಿಗೂ ಒಂದೊಂದು ಕಾಲ, ಒಂದೊಂದು ಥರದ ಮನೆ, ಬಟ್ಟೆ, ಹಾಡು. ಸೂಪರ್‌ಹೀರೋ ಕಥೆಯನ್ನು ಹೀಗೂ ಹೇಳಬಹುದು ಅಂತ ತೋರಿಸಿದರು. ಒಂಬತ್ತನೆಯದಕ್ಕೆ ಬಂದಾಗ ಆ ಧೈರ್ಯ ಹೋಯಿತು. ವಾಂಡಾಗೆ ಮಾಟಗಾತಿ ಅಗಾಥಾ ಎದುರಾಳಿ, ವಿಷನ್‌ಗೆ ಸತ್ತ ವಿಷನ್‌ನ ದೇಹಕ್ಕೇ ಜೀವ ಕೊಟ್ಟು ಮಾಡಿದ ಬಿಳಿ ವಿಷನ್ ಎದುರಾಳಿ, ಮಕ್ಕಳಿಗೂ ಬಂದೂಕು ಹಿಡಿದವರು. ಎಲ್ಲರೂ ಹೊಡೆದಾಡಿದರು. ಇದನ್ನು ನೋಡೋದಕ್ಕೆ ಬೇರೆ ಇಪ್ಪತ್ತು ಸಿನಿಮಾ ಇವೆ.

ಶರತ್
ಎರಡು ವಿಷನ್‌ಗಳು ಗ್ರಂಥಾಲಯದಲ್ಲಿ ಮಾತಾಡಿದ್ದು? ಅಲ್ಲಿ ಯಾರೂ ಹೊಡೆದಾಡಲಿಲ್ಲ. ಹಡಗಿನ ಹಲಗೆ ಒಂದೊಂದೇ ಬದಲಾಯಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗಾ ಅನ್ನುವ ಗ್ರೀಕರ ಹಳೆಯ ಪ್ರಶ್ನೆ. ವಾಂಡಾ ಸೃಷ್ಟಿಸಿದ ಕೆಂಪು ವಿಷನ್ ಆ ಪ್ರಶ್ನೆ ಕೇಳಿಯೇ ಬಿಳಿ ವಿಷನ್‌ನ ಕೈಯನ್ನು ತಡೆದ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಚೆಂದದ ಜಗಳ.

ವೀಣಾ
ತುಂಬಾ ಚೆನ್ನಾಗಿತ್ತು. ಆಮೇಲೆ? ಬಿಳಿ ವಿಷನ್‌ಗೆ ನೆನಪೆಲ್ಲ ವಾಪಸ್ ಬಂತು, ನಾನೇ ವಿಷನ್ ಅಂದ, ಹಾರಿ ಹೋದ. ಅವನ ಹೆಂಡತಿ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಸಾಯುತ್ತಾ ಬದುಕುತ್ತಾ ಇದ್ದಾಳೆ. ಅವಳನ್ನು ತಿರುಗಿಯೂ ನೋಡಲಿಲ್ಲ. ಕಂತು ಮುಗಿಯುವವರೆಗೆ ಅವನ ಮಾತೇ ಇಲ್ಲ. ವಿಜ್ಞಾನಿ ಡಾರ್ಸಿ ಒಂದು ಗಾಡಿ ತಂದು ಗುದ್ದಿ ಮಾಯವಾದಳು. ಇಷ್ಟು ಜನರನ್ನು ತುರುಕಿದ್ದರಿಂದಲೇ ನಿಜವಾಗಿ ಬೇಕಾದವರಿಗೆ ಹೊತ್ತು ಸಿಗಲಿಲ್ಲ.

ಮೇಘನಾ
ಬೇಕಾದವರು ಅಂದರೆ ಯಾರು ಅತ್ತಿಗೆ?

ವೀಣಾ
ಡಾಟಿ. ಊರಿನ ಜನ. ಊರಿನವರ ಮೇಲೆ ವಾಂಡಾ ಹಾಕಿದ್ದ ಕಟ್ಟನ್ನು ಅಗಾಥಾ ಬಿಚ್ಚಿದ ಕೂಡಲೇ ಆ ಊರಿನ ಹೆಂಗಸು ಡಾಟಿ ವಾಂಡಾ ಹತ್ತಿರ ಓಡಿ ಬರುತ್ತಾಳೆ. ನನಗೆ ಎಂಟು ವರ್ಷದ ಮಗಳಿದ್ದಾಳೆ, ನಿನ್ನ ಗಂಡುಮಕ್ಕಳ ಜೊತೆ ಆಡಲಿ, ಬೇಕಾದರೆ ಅವಳಿಗೂ ನಿನ್ನ ಕಥೆಯಲ್ಲಿ ಏನಾದರೂ ಪಾತ್ರ ಕೊಡು, ಕೋಣೆಯಿಂದ ಹೊರಗೆ ಬಿಟ್ಟರೆ ಸಾಕು ಅಂತ ಬೇಡಿಕೊಳ್ಳುತ್ತಾಳೆ. ನನ್ನ ಪಕ್ಕದಲ್ಲಿ ಮಗಳು ಮಲಗಿದ್ದಳು. ಎದೆ ಧಸಕ್ಕೆಂದಿತು. ಇಷ್ಟು ದಿನ ಆ ಮಗು ಒಂದು ಕೋಣೆಯಲ್ಲಿತ್ತು! ಮಲಗಿದರೆ ನಿನ್ನ ಕೆಟ್ಟ ಕನಸುಗಳೇ ನಮಗೂ ಬೀಳುತ್ತವೆ ಅನ್ನುತ್ತಾರೆ ಜನ. ಬಿಡದಿದ್ದರೆ ಸಾಯಿಸಿಬಿಡು ಅನ್ನುತ್ತಾರೆ. ಇದಕ್ಕಿಂತ ದೊಡ್ಡ ಮಾತು ಈ ಸರಣಿಯಲ್ಲಿ ಎಲ್ಲೂ ಬಂದಿಲ್ಲ. ಅದನ್ನು ಒಂದೆರಡು ನಿಮಿಷದಲ್ಲಿ ಮುಗಿಸಿ ಮತ್ತೆ ಆಕಾಶಕ್ಕೆ ಹಾರಿಬಿಟ್ಟರು.

ಶರತ್
ಆದರೆ ವಾಂಡಾ ಕೊನೆಗೆ ಬಿಟ್ಟಳಲ್ಲ. ಗಂಡ, ಮಕ್ಕಳು ಎಲ್ಲರನ್ನೂ ಕಳೆದುಕೊಂಡು ಬಿಟ್ಟಳು.

ಪ್ರಸನ್ನ, ರಾತ್ರಿ 9:14
ಇಲ್ಲಿ ಬೆಳಿಗ್ಗೆ. ಈಗ ಎಲ್ಲ ಓದಿದೆ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಿರುವ ನ್ಯೂಜರ್ಸಿಯಲ್ಲೇ ಆ ವೆಸ್ಟ್‌ವ್ಯೂ ಊರನ್ನು ಕಲ್ಪಿಸಿದ್ದಾರೆ. ಎಂಟನೇ ಕಂತಿನಲ್ಲಿ ವಾಂಡಾ ಕಾರಿನಿಂದ ಇಳಿದು ಒಂದು ಖಾಲಿ ಸೈಟಿನಲ್ಲಿ ನಿಲ್ಲುತ್ತಾಳೆ. ಬರೀ ಪಾಯ. ಕೈಯಲ್ಲಿ ಸೈಟಿನ ಪತ್ರ. ಇಲ್ಲಿ ಇಬ್ಬರೂ ಮುದುಕರಾಗೋಣ ಅನ್ನುವ ಹಾಗೆ ವಿಷನ್ ಅದರ ಮೇಲೆ ಬರೆದು ಹೃದಯದ ಚಿತ್ರ ಬಿಡಿಸಿದ್ದಾನೆ. ನಾನು ಅಲ್ಲಿಗೇ ನಿಲ್ಲಿಸಿ ಎದ್ದು ಹೋದೆ. ಅಪ್ಪ ತೆಗೆದುಕೊಂಡ ಸೈಟ್ ನಿಮಗೆಲ್ಲ ಗೊತ್ತು. ಪಾಯ ಹಾಕಿಸಿ ಫೋಟೋ ಕಳಿಸಿದ್ದರು. ಮೇಲಿನ ಕೋಣೆ ನಿನಗೆ ಅಂದಿದ್ದರು.

ಜುಲೈಯಲ್ಲಿ ನನಗೆ ಬರಲು ಆಗಲಿಲ್ಲ. ಕಾರ್ಯವನ್ನೆಲ್ಲ ಫೋನಿನಲ್ಲಿ ನೋಡಿದೆ. ಕೊನೆಯ ಕಂತಿನಲ್ಲಿ ವಾಂಡಾ ಮಕ್ಕಳಿಗೆ ಹೊದಿಸಿ, ನನ್ನನ್ನು ಅಮ್ಮನಾಗಿ ಆರಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಿ, ದೀಪ ಆರಿಸಿ, ಗಂಡನ ಎದುರು ನಿಂತು ಮಾತಾಡಿ ಕಳಿಸುತ್ತಾಳೆ. ಆಮೇಲೆ ಮನೆ ಕರಗಿ ಮತ್ತೆ ಅದೇ ಪಾಯದ ಮೇಲೆ ಒಬ್ಬಳೇ ನಿಂತಿರುತ್ತಾಳೆ. ಅಷ್ಟು ಹೊತ್ತು ನನಗೂ ಸಿಕ್ಕಿದ್ದರೆ ಅಂತ ಅನಿಸಿತು. ಆಕಾಶದ ಜಗಳ ನನಗೆ ನೆನಪೇ ಇಲ್ಲ ವೀಣಾ. ಇದೊಂದೇ ನೆನಪಿದೆ. ಇದನ್ನು ಸಪ್ಪೆ ಅನ್ನಲು ನನ್ನಿಂದ ಆಗುವುದಿಲ್ಲ.

ಸರೋಜತ್ತೆ
ಪ್ರಸನ್ನ, ನಾವು ಮತ್ತೆ ಸಿಗುತ್ತೇವೆ ಅಂತ ಅವನು ಹೇಳುತ್ತಾನೆ ಅಂತ ಮೇಘನಾ ಕನ್ನಡದಲ್ಲಿ ಹೇಳಿದಳು. ನಮ್ಮಲ್ಲೂ ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಅಣ್ಣ ಆಸ್ಪತ್ರೆಗೆ ಹೊರಟಾಗ ಗೇಟಿನ ಹತ್ತಿರ ನಿಂತು ಹಾಗೇ ಹೇಳಿದ. ನಿನಗೆ ಹೇಳಿರಲಿಲ್ಲ ಅನಿಸುತ್ತದೆ.

ಪ್ರಸನ್ನ
ಇಲ್ಲ ಅತ್ತೆ. ಈಗಲೇ ಕೇಳಿದ್ದು.

ಶರತ್
ಅಣ್ಣಾ.

ವೀಣಾ, ರಾತ್ರಿ 9:31
ಪ್ರಸನ್ನಣ್ಣ, ನೀನು ಬರೆದಿದ್ದನ್ನು ಮೂರು ಸಲ ಓದಿದೆ. ಆ ದೃಶ್ಯದ ಬಗ್ಗೆ ನನ್ನದು ಒಂದೂ ತಕರಾರಿಲ್ಲ. ಆದರೂ ನನ್ನ ಮಾತನ್ನು ಪೂರ್ತಿ ಹೇಳುತ್ತೇನೆ. ನಿನ್ನ ಹತ್ತಿರ ಹೇಳದೆ ಇನ್ನು ಯಾರ ಹತ್ತಿರ ಹೇಳಲಿ?

ಮನೆ ಕರಗಿದ ಮೇಲೆ ವಾಂಡಾ ಊರ ನಡುವೆ ನಡೆದು ಬರುತ್ತಾಳೆ. ಜನ ಕಣ್ಣು ಕೆಕ್ಕರಿಸಿ ನೋಡುತ್ತಾರೆ. ಹೊರಗಿನಿಂದ ಆ ಊರಿಗೆ ಬಂದಿದ್ದ ಅಧಿಕಾರಿ ಮೋನಿಕಾ ಹತ್ತಿರ ಬಂದು, ನೀನು ಅವರಿಗೋಸ್ಕರ ಏನು ತ್ಯಾಗ ಮಾಡಿದೆ ಅಂತ ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ ಅನ್ನುತ್ತಾಳೆ. ಅವರಿಗೋಸ್ಕರ! ಅವರು ಕೇಳಿಕೊಂಡಿದ್ದರಾ? ಅವರದನ್ನು ಅವರಿಗೆ ವಾಪಸ್ ಕೊಟ್ಟರೆ ತ್ಯಾಗ ಹೇಗಾಗುತ್ತದೆ? ನನಗೆ ಬಂದ ಕೋಪ ಇದು. ವಾಂಡಾ ಕ್ಷಮೆ ಕೇಳುತ್ತಾಳೆ, ನಿಜ. ಕೇಳಿದ್ದು ಮೋನಿಕಾ ಹತ್ತಿರ. ಡಾಟಿ ಹತ್ತಿರ ಅಲ್ಲ.

ಎಂಟು ಕಂತು ದುಃಖವನ್ನು ಎಷ್ಟು ನಿಜವಾಗಿ ತೋರಿಸಿದರು. ಒಂಬತ್ತನೆಯದರಲ್ಲಿ ಅದೇ ದುಃಖವನ್ನು ತಪ್ಪಿಗೆ ಮುಸುಕು ಮಾಡಿದರು. ಅಣ್ಣ, ಈ ಎಂಟು ತಿಂಗಳಲ್ಲಿ ನೀನು ಎಷ್ಟು ನೊಂದಿದ್ದೀಯ ಅಂತ ನನಗೆ ಗೊತ್ತು. ನೀನು ಯಾರ ಮಗುವನ್ನೂ ಕೋಣೆಯಲ್ಲಿ ಕೂಡಿಹಾಕಲಿಲ್ಲ.

ಮೇಘನಾ
ಅಗಾಥಾಗೆ ಮಾಡಿದ್ದನ್ನು ಯಾರೂ ಹೇಳಲೇ ಇಲ್ಲ. ಇನ್ನೊಬ್ಬರ ಮನಸ್ಸನ್ನು ಹಿಡಿದಿಟ್ಟರೆ ಎಷ್ಟು ಹಿಂಸೆ ಅಂತ ವಾಂಡಾಗೆ ಆಗ ತಾನೇ ಗೊತ್ತಾಗಿದೆ. ಗೊತ್ತಾದ ಮೇಲೂ ಅಗಾಥಾಳನ್ನು ಮತ್ತೆ ಅವಳು ಮೊದಲು ನಟಿಸುತ್ತಿದ್ದ ಪಕ್ಕದ ಮನೆಯ ಆಗ್ನೆಸ್ ಮಾಡಿ ಅದೇ ಊರಿನಲ್ಲಿ ಬಿಟ್ಟು ಹೋಗುತ್ತಾಳೆ. ಆ ಊರಿನವರು ಪ್ರತಿದಿನ ಅವಳ ಮುಖ ನೋಡಬೇಕು!

ಶರತ್
ಅಗಾಥಾ ದುಷ್ಟೆ. ಅವಳಿಗೆ ಶಿಕ್ಷೆ ಬೇಡವಾ?

ವೀಣಾ
ಬೇಕು. ಇದೇ ಶಿಕ್ಷೆ ಯಾಕೆ ಅನ್ನುವುದು ಪ್ರಶ್ನೆ.

ಶರತ್
ಹೆಸರುಗಳೆಲ್ಲ ಮುಗಿದ ಮೇಲಿನ ದೃಶ್ಯ ನೋಡಿದಿರಲ್ಲ. ವಾಂಡಾ ಬೆಟ್ಟದ ಮನೆಯಲ್ಲಿ ಕೂತು ಅಗಾಥಾಳ ಆ ಕೆಟ್ಟ ಮಾಟದ ಪುಸ್ತಕ ಓದುತ್ತಿದ್ದಾಳೆ. ಮುಂದೆ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ಇದಕ್ಕೆಲ್ಲ ಉತ್ತರ ಬರುತ್ತದೆ.

ವೀಣಾ
ಆ ಸಿನಿಮಾ ಬರಲಿ, ನೋಡೋಣ. ಆದರೆ ಡಾಟಿ ಬೇಡಿಕೊಂಡಿದ್ದು ಈ ಕಥೆಯಲ್ಲಿ. ಉತ್ತರವೂ ಇದರಲ್ಲೇ ಬರಬೇಕಿತ್ತು. ಇನ್ನೊಂದು ಸಿನಿಮಾಗೆ ಟಿಕೆಟ್ ತೆಗೆದುಕೊಂಡರೆ ಹೇಳುತ್ತೇವೆ ಅನ್ನುವುದು ಸರಿಯಲ್ಲ.

ಪ್ರಸನ್ನ
ವೀಣಾ, ಡಾಟಿಯ ಮಗಳ ವಿಷಯ ನನಗೆ ನೆನಪೇ ಇರಲಿಲ್ಲ. ನಾನು ವಾಂಡಾಳನ್ನು ಮಾತ್ರ ನೋಡುತ್ತಿದ್ದೆ. ಆ ಭಾಗವನ್ನು ಈಗಲೇ ಹಾಕಿ ನೋಡುತ್ತೇನೆ.

ಪ್ರಸನ್ನ, ರಾತ್ರಿ 9:58
ನೋಡಿದೆ. ನೀನು ಹೇಳಿದ್ದು ಸರಿ. ವಾಂಡಾ ಆ ಹೆಂಗಸಿನ ಕಡೆಗೆ ಒಂದು ಸಲವಾದರೂ ವಾಪಸ್ ಹೋಗಬೇಕಿತ್ತು. ಆದರೂ ನನ್ನ ವಾಂಡಾಳನ್ನು ಬಿಟ್ಟುಕೊಡಲಾರೆ.

ವೀಣಾ
ಬಿಡು ಅಂತ ನಾನು ಯಾವತ್ತೂ ಹೇಳುವುದಿಲ್ಲ ಅಣ್ಣ.

ಶರತ್
ಬೀಳ್ಕೊಡುವ ದೃಶ್ಯಕ್ಕೆ ನನ್ನ ಹತ್ತು ಹಾಗೇ ಇರುತ್ತದೆ. ಗ್ರಂಥಾಲಯಕ್ಕೂ ಹತ್ತು. ಇಡೀ ಕಂತಿಗೆ ಆರು. ಅಗಾಥಾ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮೇಘನಾ
ಪಿಯೆಟ್ರೋಗೆ ಒಂದು ಕಳೆಯಿರಿ ಶರತ್ ಭಾವ. ಐದು.

ಸರೋಜತ್ತೆ
ಪ್ರಸನ್ನ, ತಿಂಡಿ ಆಯಿತಾ? ನಾಳೆ ಬೆಳಿಗ್ಗೆ ವೀಣಾ, ನಾನು ಅಣ್ಣನ ಸೈಟಿನ ಕಡೆ ಹೋಗುತ್ತಿದ್ದೇವೆ. ಪಾಯದ ಸುತ್ತ ಗಿಡ ಬೆಳೆದಿದೆ, ಕಡಿಸಬೇಕು. ಅಲ್ಲಿಂದ ವಿಡಿಯೋ ಕಾಲ್ ಮಾಡಲಾ?

ಪ್ರಸನ್ನ
ಮಾಡಿ ಅತ್ತೆ. ಇಲ್ಲಿ ರಾತ್ರಿಯಾಗಿರುತ್ತದೆ. ಎಚ್ಚರ ಇರುತ್ತೇನೆ.