ಅರ್ಧಕ್ಕೆ ನಿಂತ ಎಡಗೈ ಕೋವಿಯ ಕಿಟ್: ಮಾರುವುದು ಹೇಗೆ?

ಪ್ರಶ್ನೆ (ಸಿನ್ಸಿನಾಟಿಯಿಂದ)

ನವೆಂಬರ್‌ನಲ್ಲಿ ಸಂಸಾರ ಸಮೇತ ಮೈಸೂರಿಗೆ ಮರಳುತ್ತಿದ್ದೇವೆ. ಗ್ಯಾರೇಜಿನ ಅಟ್ಟದ ಮೇಲೆ 2017ರಲ್ಲಿ ಕೊಂಡ ಪೆನ್ಸಿಲ್ವೇನಿಯಾ ಮಾದರಿಯ ಉದ್ದಕೋವಿಯ ಕಿಟ್, ಅಂದರೆ ಕೈಯಾರೆ ಕಟ್ಟಿಕೊಳ್ಳುವ ಬಿಡಿಭಾಗಗಳ ಕಟ್ಟು, ಇದೆ. ಬಾಯಿಯಿಂದ ಈಡು ತುಂಬುವ, ಚಕಮಕಿ ಕಲ್ಲಿನ ರೈಫಲ್; .50 ಕ್ಯಾಲಿಬರ್, 42 ಅಂಗುಲದ ನಳಿಗೆ. ನಾನು ಎಡಚ, ಹಾಗಾಗಿ ಲಾಕ್ (ಕಲ್ಲು ಬಡಿದು ಕಿಡಿ ಹಾರಿಸುವ ಸಾಧನ) ಎಡಬದಿಗಿದೆ. ನಳಿಗೆಯನ್ನು ಮರದಲ್ಲಿ ಕೂರಿಸಿದೆ, ಲಾಕಿಗೆ ಗುಳಿ ತೆಗೆದೆ, ಅದರ ಬೋಲ್ಟಿಗೆಂದು ಕೊರೆದ ತೂತು ಸೊಟ್ಟಗೆ ಹೋಯಿತು. ಅಂದು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದು ಇಂದಿಗೂ ಇಳಿಸಿಲ್ಲ. ಪರವಾನಗಿಯಿಲ್ಲದೆ ಭಾರತಕ್ಕೆ ಒಯ್ಯುವ ಹಾಗಿಲ್ಲ. ಇಡಿಯಾಗಿ ಮಾರಲೇ, ಬಿಡಿಯಾಗಿ ಮಾರಲೇ? ಬೆಲೆ ಎಷ್ಟು ಹೇಳಲಿ? ತೂತು ಮುಚ್ಚಿ, ಕೆಲಸ ಮುಗಿಸಿ ಮಾರಿದರೆ ಹೆಚ್ಚು ಬರುತ್ತದೆಯೇ?

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಹತ್ತಿರದಿಂದ

ಮುಗಿಸಲು ಹೋಗಬೇಡಿ. ಉಳಿದ ಮಾತೆಲ್ಲ ಆಮೇಲೆ.

ನಾನು ನಾಲ್ಕು ಕೋವಿ ಕಟ್ಟಿದ್ದೇನೆ, ಎರಡು ಕಿಟ್‌ಗಳನ್ನು ಅರ್ಧದಲ್ಲೇ ಮಾರಿದ್ದೇನೆ, ಬೇರೆಯವರು ಕೈಬಿಟ್ಟ ಒಂದನ್ನು ಕೊಂಡೂ ಇದ್ದೇನೆ. ಊರಿನ ಗಾಳಿ ಇರಬೇಕು. ಜರ್ಮನ್ ಮೂಲದ ಕುಶಲಕರ್ಮಿಗಳು ತಮ್ಮ ಗಿಡ್ಡ, ದಪ್ಪ ಯೇಗರ್ ರೈಫಲನ್ನು ಹದಿನೆಂಟನೆಯ ಶತಮಾನದಲ್ಲಿ ಉದ್ದಕ್ಕೆಳೆದು ತೆಳ್ಳಗೆ ಮಾಡಿದ್ದು ಈ ಸೀಮೆಯಲ್ಲೇ. ಮುಗಿಯದ ಕೋವಿಗಳಿಗೂ ಇಲ್ಲಿನ ಗ್ಯಾರೇಜುಗಳಲ್ಲಿ ಬರವಿಲ್ಲ.

ಬರಿಯ ಕೋವಿ ಬೇಕಾದವನು ಕಟ್ಟಿ ಮುಗಿಸಿದ್ದನ್ನೇ ಕೊಳ್ಳುತ್ತಾನೆ. ನಿಮ್ಮ ಬಾಗಿಲಿಗೆ ಬರುವವನಿಗೆ ಬೇಕಾಗಿರುವುದು ಕೆಲಸ. ನೀವು ಇನ್ನೂ ಉಳಿ ಮುಟ್ಟಿಸದ ಮರಕ್ಕೆ ಅವನು ದುಡ್ಡು ಕೊಡುತ್ತಾನೆ. ನೀವು ಕೆತ್ತಿದಷ್ಟೂ ಅವನ ಸುಖ ಕಡಿಮೆ, ನಿಮ್ಮ ಬೆಲೆಯೂ ಕಡಿಮೆ. ಇದು ನನಗೆ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಮೊದಲ ಕಿಟ್‌ನ ಭಾಗಗಳಿಗೆ 1,050 ಡಾಲರ್ ಸುರಿದಿದ್ದೆ, ನಳಿಗೆ ಕೂರಿಸಲು ಆರು ವಾರಾಂತ್ಯ ಕಳೆದಿದ್ದೆ. ಆ ವಾರಾಂತ್ಯಗಳನ್ನೂ ಲೆಕ್ಕಕ್ಕೆ ಸೇರಿಸಿ 1,200 ಹೇಳಿದೆ. ಎರಡು ತಿಂಗಳು ಒಂದು ನರಪಿಳ್ಳೆಯೂ ವಿಚಾರಿಸಲಿಲ್ಲ. 700ಕ್ಕೆ ಇಳಿಸಿದ ವಾರವೇ ಹೋಯಿತು. ಈಗ ನನ್ನ ಲೆಕ್ಕ ಹೀಗಿದೆ: ಲಾಕ್, ನಳಿಗೆ, ಟ್ರಿಗರ್, ಹಿತ್ತಾಳೆಯ ಸಾಮಾನು ಇವುಗಳ ಇಂದಿನ ಬೆಲೆ ಕೂಡಿಸಿ ಸ್ವಲ್ಪ ಇಳಿಸುತ್ತೇನೆ, ಉಳಿ ತಾಗಿದ ಮರಕ್ಕೆ ಅರ್ಧ ಬೆಲೆ ಬಂದರೆ ಪುಣ್ಯ ಎಂದುಕೊಳ್ಳುತ್ತೇನೆ, ನನ್ನ ಬೆವರಿಗೆ ಸೊನ್ನೆ.

ಇನ್ನು ನಿಮ್ಮ ಸೊಟ್ಟ ತೂತು. ಅದು ಮುಂದಿನ ಬೋಲ್ಟಿನದೇ ಇರಬೇಕು. ಮೇಲೆ ನಳಿಗೆಯ ಕಾಲುವೆ, ಕೆಳಗೆ ಗಜ (ಈಡು ಗಿಡಿಯುವ ಕೋಲು) ಹೋಗುವ ತೂತು, ಎರಡರ ನಡುವೆ ಉಳಿಯುವ ಮರ ಮೂರು ಮಿಲಿಮೀಟರಿನ ಆಸುಪಾಸು. ಬೋಲ್ಟೇ ಅದಕ್ಕಿಂತ ದಪ್ಪ. ಪಳಗಿದ ಕೈಯಲ್ಲೂ ಡ್ರಿಲ್ ಒಂದಿಷ್ಟು ಜಾರಿ ಗಜದ ದಾರಿಗೆ ಇಣುಕುತ್ತದೆ. ಮೇಪಲ್ ಕಡ್ಡಿ ಜಡಿದು, ಅಂಟಿಸಿ, ಮತ್ತೆ ಕೊರೆದರೆ ಸರಿಹೋಗುವ ಕೆಲಸ. ಆದರೆ ನೀವು ಮಾಡಬೇಡಿ. ಹಸಿ ಅಂಟು ಕಂಡ ಕೊಳ್ಳುವವನಿಗೆ ಇನ್ನೆಲ್ಲಿ ಏನು ಮುಚ್ಚಿದ್ದಾರೋ ಎಂಬ ಅನುಮಾನ ಹುಟ್ಟುತ್ತದೆ. ತೂತನ್ನು ತೂತಾಗಿಯೇ ತೋರಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಾರಾಟದ ವಿವರದಲ್ಲಿ ಮೊದಲ ಫೋಟೋ ಅದೇ ಇರಲಿ.

ನನಗೆ ತೂತಿಗಿಂತ ಲಾಕಿನ ಗುಳಿಯದೇ ಹೆಚ್ಚು ಚಿಂತೆ. ನಳಿಗೆಯ ಹಿಂತುದಿಯನ್ನು ಮುಚ್ಚುವ ತಿರುಪಿನ ಬಿರಡೆ ಇದೆಯಲ್ಲ, ಒಳಗೆ ಅದರ ಮುಖ ಎಲ್ಲಿಗೆ ಬರುತ್ತದೆ ಎಂದು ಬಾಯಿಯಿಂದ ಕಡ್ಡಿ ಇಳಿಸಿ ಅಳೆಯಿರಿ, ಹೊರಗೆ ಪೆನ್ಸಿಲ್ ಗೆರೆ ಎಳೆಯಿರಿ. ಬೆಂಕಿ ಒಳಹೊಗುವ ಕಿವಿಯ ತೂತು ಆ ಗೆರೆಗಿಂತ ತುಸು ಮುಂದೆ ಬೀಳಬೇಕು, ಕಿಡಿ ಹಿಡಿಯುವ ಮದ್ದಿಡುವ ರಂಜಕದ ಬಟ್ಟಲಿನ ನಟ್ಟನಡುವೆ, ಅದರ ಮೇಲಂಚಿನ ಮಟ್ಟಕ್ಕೆ. ಮುಳುಗುವ ಸೂರ್ಯ ಅರ್ಧ ಕಾಣುವ ಹಾಗೆ ಎಂದು ಇಲ್ಲಿನ ಹಳಬರು ಹೇಳಿಕೊಡುತ್ತಾರೆ. ಗುಳಿ ಕಾಲಂಗುಲ ಹಿಂದೆ ಸರಿದಿದ್ದರೆ ಆ ತೂತು ಬಿರಡೆಯ ಉಕ್ಕಿಗೇ ಬಡಿಯುತ್ತದೆ. ಆಗ ನೀವು ಮಾರುತ್ತಿರುವುದು ಕಿಟ್ ಅಲ್ಲ, ಬಿಡಿಭಾಗ ಮತ್ತು ಸೌದೆ. ಈ ಒಂದು ಅಳತೆಯನ್ನು ಬರೆದುಕೊಟ್ಟರೆ ಬಲ್ಲವನು ಮರುಪ್ರಶ್ನೆ ಕೇಳುವುದಿಲ್ಲ.

ಬಿಡಿಯಾಗಿ ಮಾರುವ ಆಸೆ ಬರುತ್ತದೆ, ಏಕೆಂದರೆ ಎಡಬದಿಯ ಲಾಕ್ ಮೊದಲ ದಿನವೇ ಹೋದೀತು. ಹೋದ ಮೇಲೆ ಉಳಿದದ್ದನ್ನು ಯಾರು ಕೇಳುತ್ತಾರೆ? ನಿಮ್ಮ ನಳಿಗೆ ಎರಡು ತುದಿಗೆ ದಪ್ಪ, ನಡುವೆ ಸೊಂಟ ಸಣ್ಣ ಮಾಡಿದ ಬಗೆಯದಾಗಿದ್ದರೆ ಮರದ ಕಾಲುವೆ ಅದೊಂದಕ್ಕೇ ಒಪ್ಪುತ್ತದೆ. ಇನ್ನೊಂದು ನಳಿಗೆ ಅಲ್ಲಿ ಕೂರುವುದಿಲ್ಲ. ಇಡಿಯಾಗಿಯೇ ಕೊಡಿ. ಎಡಚರು ಸಂಖ್ಯೆಯಲ್ಲಿ ಕಡಿಮೆ, ಆದರೆ ಇಂಥದ್ದಕ್ಕೆ ಕಾದು ಕೂತಿರುತ್ತಾರೆ.

ಇಂಡಿಯಾನಾದಿಂದ

ನಾನು ಕೊಂಡು ಕೆಟ್ಟವನು, ಆ ಬದಿಯ ಮಾತು ಹೇಳುತ್ತೇನೆ. ‘ಸ್ವಲ್ಪ ಕೆಲಸ ಬಾಕಿ’ ಎಂದು ಬರೆದಿದ್ದರು. ಆರು ಫೋಟೋಗಳಲ್ಲಿ ಆರೂ ಬಲಬದಿಯವು. ಪೆಟ್ಟಿಗೆ ಬಿಚ್ಚಿ ತಿರುಗಿಸಿ ನೋಡಿದರೆ, ಎಡಬದಿಯಲ್ಲಿ ನಳಿಗೆಗೆ ಆತುಕೊಂಡ ತೆಳುಮರದ ಗೋಡೆ ಒಂದು ಗೇಣುದ್ದ ಸೀಳಿತ್ತು. ಅಂಟು ತುಂಬಿ, ಉಜ್ಜಿ, ಮೇಲೆ ಬಣ್ಣ ಬೇರೆ ಸವರಿದ್ದರು. ಕೇಳಿದರೆ, ‘ನೀವು ಆ ಬದಿಯ ಬಗ್ಗೆ ಕೇಳಲೇ ಇಲ್ಲವಲ್ಲ’ ಎಂದರು. ಸುಳ್ಳು ಹೇಳಲಿಲ್ಲ, ನಿಜ. ಆ ಸೀಳನ್ನು ಫೋಟೋದಲ್ಲಿ ತೋರಿಸಿದ್ದರೆ ನೂರು ಡಾಲರ್ ಕಡಿಮೆಗೆ ಖುಷಿಯಿಂದ ಕೊಳ್ಳುತ್ತಿದ್ದೆ. ಈಗ ಅವರ ಹೆಸರು ಕಂಡರೆ ಒಂದು ತಿರುಪು ಮೊಳೆಯನ್ನೂ ಕೊಳ್ಳುವುದಿಲ್ಲ.

ನೀವು ಸಿನ್ಸಿನಾಟಿಯಲ್ಲಿದ್ದೀರಿ, ಅಂಚೆಯಲ್ಲಿ ಕಳಿಸುವ ಯೋಚನೆಯೇ ಬೇಡ. ನಮ್ಮ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ನಿಮಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. 1933ರಲ್ಲಿ ಹುಟ್ಟಿದ, ಬಾಯಿಯಿಂದ ತುಂಬುವ ಕೋವಿಯವರ ಸಂಘ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ನಿನ ಮೈದಾನ ಅಲ್ಲಿದೆ. ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಹೊಗೆ, ಗಂಧಕದ ವಾಸನೆ, ಸಾಲುಸಾಲು ಅಂಗಡಿ, ಒಟ್ಟಿನಲ್ಲಿ ನಮ್ಮ ಜಾತ್ರೆಯೇ. ಸೆಪ್ಟೆಂಬರ್ ಬಂತಲ್ಲ, ಹೊರಡಿ. ಕೊಳ್ಳುವವನು ತನ್ನ ಕೈಯಾರೆ ನಳಿಗೆಯನ್ನು ಎತ್ತಿ ಕೂರಿಸಿ ನೋಡಲಿ. ಅಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವುದಕ್ಕೆ ಪತ್ರವ್ಯವಹಾರದಲ್ಲಿ ಹತ್ತು ದಿನ ಬೇಕು.

ನ್ಯೂಜೆರ್ಸಿಯಿಂದ

ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲ. 1968ರ ಕೇಂದ್ರ ಬಂದೂಕು ಕಾಯ್ದೆಯ ಪ್ರಕಾರ, ಕರಿಮದ್ದು ಹಾಕಿ ಬಾಯಿಯಿಂದ ತುಂಬುವ, ಈಗಿನ ತೋಟಾ ಬಳಸಲಾಗದ ಇಂಥ ಕೋವಿ ‘ಪುರಾತನ ಆಯುಧ’ದ ಗುಂಪಿಗೆ ಸೇರುತ್ತದೆ, ನಿನ್ನೆ ಮಾಡಿದ್ದಾದರೂ ಸರಿ. ಹಾಗೆಂದು ಎಲ್ಲ ರಾಜ್ಯಗಳೂ ತಲೆಯಾಡಿಸುವುದಿಲ್ಲ. ನಮ್ಮಲ್ಲಿ ಇಂಥ ರೈಫಲ್ ಕೊಳ್ಳುವುದಕ್ಕೂ ಬಂದೂಕು ಖರೀದಿದಾರನ ಗುರುತುಚೀಟಿ ಬೇಕು. ಕೊಳ್ಳುವವರ ರಾಜ್ಯ ಯಾವುದೆಂದು ಮೊದಲು ಕೇಳಿ, ಅಲ್ಲಿನ ನಿಯಮ ನೋಡಿ, ಆಮೇಲೆ ಮುಂಗಡ ಮುಟ್ಟಿ. ಗುರುತು ತೋರಿಸಲು ಹಿಂದೆಮುಂದೆ ನೋಡುವವರಿಗೆ ಕೈಮುಗಿದು ಕಳಿಸಿಬಿಡಿ. ರಸೀದಿಯಲ್ಲಿ ‘ಅಪೂರ್ಣ ಕಿಟ್, ಒಮ್ಮೆಯೂ ಹಾರಿಸಿಲ್ಲ, ಪರೀಕ್ಷಿಸಿಲ್ಲ’ ಎಂದು ಬರೆದು ಇಬ್ಬರೂ ಸಹಿ ಹಾಕಿ.

ಟೆಕ್ಸಾಸ್‌ನಿಂದ

ಅಂಚೆಯಲ್ಲೇ ಕಳಿಸಬೇಕಾಗಿ ಬಂದರೆ: ನನ್ನ ಪೆಟ್ಟಿಗೆ ಆ ಕಡೆ ತಲುಪಿದಾಗ ನಳಿಗೆಯ ಬಾಯಿ ರಟ್ಟನ್ನು ತೂತು ಮಾಡಿಕೊಂಡು ಅರ್ಧ ಅಡಿ ಹೊರಗೆ ಬಂದಿತ್ತಂತೆ. ಆ ತೂತಿನಿಂದ ಸಣ್ಣ ಸಾಮಾನಿನ ಚೀಲ ದಾರಿಯಲ್ಲೆಲ್ಲೋ ಉದುರಿತ್ತು. ನಳಿಗೆ ಭಾರ, ಮುಂಗೈ ಹಿಡಿಯುವ ಮರ ತೆಳು. ಒಂದೇ ಪೆಟ್ಟಿಗೆಯಲ್ಲಿ ಸಡಿಲವಾಗಿ ಬಿಟ್ಟರೆ ಒಂದು ಇನ್ನೊಂದನ್ನು ಮುರಿಯುತ್ತದೆ. ನಳಿಗೆಯನ್ನು ಅದರ ಕಾಲುವೆಯಲ್ಲೇ ಕೂರಿಸಿ, ಬಟ್ಟೆ ಸುತ್ತಿ, ಉದ್ದನೆಯ ಹಲಗೆಗೆ ಬಿಗಿದು ಕಟ್ಟಿ. ಪೆಟ್ಟಿಗೆಯ ಎರಡೂ ತುದಿಗೆ ಮರದ ಬಿಲ್ಲೆ ಇಡಿ. ತಿರುಪು, ಪಿನ್ನು, ಗಜದ ಕೊಳವೆ ಎಲ್ಲಕ್ಕೂ ಬೇರೆ ಬೇರೆ ಚೀಲ, ಚೀಲದ ಮೇಲೆ ಹೆಸರು. ಗಜವನ್ನು ಪಿವಿಸಿ ಕೊಳವೆಯಲ್ಲಿ ಹಾಕಿ. ಕರಿಮದ್ದು ಮಿಕ್ಕಿದ್ದರೆ ಪೆಟ್ಟಿಗೆಯಲ್ಲಿ ಅದು ಒಂದು ಚಿಟಿಕೆಯೂ ಹೋಗಬಾರದು. ಕಟ್ಟುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿ; ಒಬ್ಬೊಬ್ಬ ಸಾಗಣೆದಾರನದು ಒಂದೊಂದು ನಿಯಮ.

ಮಡಿಕೇರಿಯಿಂದ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ನಮ್ಮ ಮಳೆ ನೋಡಿದವನಾಗಿ ಒಂದೇ ಮಾತು: ಅಷ್ಟು ವರ್ಷ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀರಿ, ನಳಿಗೆಯ ಒಳಗೆ ನೋಡಿದ್ದೀರಾ? ಹೊರಗೆ ಕನ್ನಡಿಯಂತಿದ್ದು ಒಳಗೆ ತುಕ್ಕು ಕೂತಿರುತ್ತದೆ. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಗಜದಿಂದ ಎರಡು ಸಲ ಎಳೆಯಿರಿ. ಬಟ್ಟೆ ಕೆಂಪಾಗಿ ಬಂದರೆ ಅದನ್ನೂ ಫೋಟೋ ತೆಗೆಯಿರಿ. ಕೊಡವರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ವಿಸ್ತರಿಸಿದ್ದಾರೆ. ಅದನ್ನು ನಂಬಿಕೊಂಡು ಇತ್ತ ಕಡೆಗೆ ಕಳಿಸುವ ಯೋಚನೆಯನ್ನು ಮಾತ್ರ ಮಾಡಬೇಡಿ.

ಪ್ರಶ್ನೆ ಕೇಳಿದವರಿಂದ, ಸೆಪ್ಟೆಂಬರ್ ಕೊನೆಯಲ್ಲಿ

ಎಲ್ಲರಿಗೂ ಋಣಿ. ಗುಳಿ ಅಳೆದೆ, ಸರಿಯಾದ ಜಾಗದಲ್ಲಿದೆ. ಬಟ್ಟೆ ಮೊದಲ ಸಲ ಕಂದು, ಎರಡನೆಯ ಸಲ ಬಿಳಿ. ಎರಡೂ ಬಟ್ಟೆಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಫ್ರೆಂಡ್‌ಶಿಪ್‌ಗೆ ಹೋದೆ.

ಮಧ್ಯಾಹ್ನದವರೆಗೆ ಯಾರೂ ನಿಲ್ಲಲಿಲ್ಲ. ಲಾಕ್ ಎಡಬದಿಗಿರುವುದು ಕಂಡು ಮುಂದೆ ಹೋಗುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಎಪ್ಪತ್ತು ದಾಟಿದ ಒಬ್ಬರು ಬಂದು, ಮಾತಿಲ್ಲದೆ ಎತ್ತಿ ಎಡಭುಜಕ್ಕೆ ಆನಿಸಿ ಅರ್ಧ ನಿಮಿಷ ಹಾಗೇ ನಿಂತರು. ನಾನು ತೂತು ತೋರಿಸಿದೆ. ಕನ್ನಡಕ ಮೇಲೇರಿಸಿ ಗಜದ ದಾರಿಯೊಳಗೆ ಇಣುಕಿ ನಕ್ಕು, ತಮ್ಮ ಮೊದಲ ಕೋವಿಯಲ್ಲಿ ಇದೇ ಜಾಗದಲ್ಲಿ ಎರಡು ಇವೆ ಎಂದರು. 750 ಹೇಳಿದ್ದೆ, 710ಕ್ಕೆ ಮುಗಿಯಿತು. ಪಟ್ಟಿ ಹಿಡಿದು ಒಂದೊಂದೇ ಸಾಮಾನು ಎಣಿಸಿ ಗುರುತು ಹಾಕಿ, ರಸೀದಿಗೆ ಇಬ್ಬರೂ ಸಹಿ ಮಾಡಿದೆವು.

ಮನೆಗೆ ಬಂದು ನೋಡಿದರೆ ಹಿಕೋರಿ ಮರದ ಗಜ ನನ್ನ ಕಾರಿನಲ್ಲೇ ಇದೆ. ಡಿಕ್ಕಿಯಿಂದ ಮುಂದಿನ ಸೀಟಿನವರೆಗೆ ಚಾಚಿಕೊಂಡಿದ್ದರೂ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಪಟ್ಟಿಯಲ್ಲಿ ಅದಕ್ಕೂ ಗುರುತು ಬಿದ್ದಿದೆ. ಟೆಕ್ಸಾಸಿನವರೇ, ಆ ಪಿವಿಸಿ ಕೊಳವೆ ಎಷ್ಟು ದಪ್ಪದ್ದು ಸಾಕು?